ಸಾರಿಸದೆ ಬಿಟ್ಟ ಮೂಲೆ

ಕಳೆದ ವಾರ ತಮ್ಮನ ಮಗ ಪುತ್ತೂರಿನ ನಮ್ಮ ಮನೆಯ ಜಗಲಿಗೆ ಗುಜರಿಯಿಂದ ಹಳೆಯ ಫ್ರಿಜ್ಜೊಂದನ್ನು ತಂದಿಟ್ಟ. ರಿಪೇರಿ ಮಾಡಿ ಬಣ್ಣ ಹೊಡೆಯುವ ಹುಚ್ಚು ಅವನಿಗೆ. ಕರೆಂಟಿನದಲ್ಲ, ಅಡಿಯಲ್ಲಿ ಬತ್ತಿ ಉರಿಸಿ ತಂಪು ಮಾಡುವ ಸೀಮೆಎಣ್ಣೆಯದು. ಬಾಗಿಲು ತೆರೆದ ಕೂಡಲೇ ಹಳೇ ರಬ್ಬರಿನ, ಸೀಮೆಎಣ್ಣೆಯ ವಾಸನೆ ಬಂತು. ಕಾಫಿಯ ಹೊತ್ತು ಮೀರಿಸುವವಳಲ್ಲ ನಾನು, ಅಂದು ಮೀರಿತು. ಕೋಡಿಂಬಾಳದ ಅಕ್ಕನ ಅಡುಗೆಮನೆ ಕಣ್ಣ ಮುಂದೆ ಬಂದಿತ್ತು…

ಅರವತ್ತರ ದಶಕದಲ್ಲಿ ನಾನು ಅಲ್ಲಿನ ಶಾಲೆಗೆ ಹೊಸ ಟೀಚರಾಗಿ ಹೋದಾಗ ಅವರು ಪಕ್ಕದ ಮನೆಯವರು. ಊರಿಗೆಲ್ಲ ಅಕ್ಕ, ನನಗೂ ಅಕ್ಕ. ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ವಯಸ್ಸಾದ ಅತ್ತೆ, ಮತ್ತು ನನ್ನ ತರಗತಿಯಲ್ಲಿದ್ದ ಮಗಳು. ಆ ಹುಡುಗಿಗೆ ಸಕ್ಕರೆ ಕಾಯಿಲೆ. ಗಾಜಿನ ಸಿರಿಂಜು ಕುದಿಸಿ ಅಕ್ಕನೇ ದಿನಾ ಇನ್ಸುಲಿನ್ ಕೊಡುತ್ತಿದ್ದರು. ಮದ್ದು ಮಂಗಳೂರಿನಿಂದ ಬಸ್ಸಿನಲ್ಲಿ ಬರಬೇಕು. ಮಳೆಗಾಲದಲ್ಲಿ ಸೇತುವೆ ಮುಳುಗಿದರೆ ಬಸ್ಸಿಲ್ಲ. ಹಿಂದಿನ ಮಳೆಗಾಲದಲ್ಲಿ ಹೀಗೇ ಮದ್ದು ಮುಗಿದು ಹುಡುಗಿಗೆ ಎಚ್ಚರ ತಪ್ಪಿತ್ತು. ದೋಣಿಯಲ್ಲಿ ಹೊಳೆ ದಾಟಿಸಿ ಹೇಗೋ ಉಳಿಸಿಕೊಂಡಿದ್ದರು. ಮಳೆಗಾಲಕ್ಕಾಗುವಷ್ಟು ಮದ್ದನ್ನು ಮೊದಲೇ ತಂದಿಡೋಣವೆಂದರೆ ತಂಪಿನಲ್ಲಿಡಬೇಕು. ಊರಿಗೆ ಕರೆಂಟು ಬಂದಿರಲಿಲ್ಲ.

ರಬ್ಬರ್ ಎಸ್ಟೇಟಿನ ಬಂಗಲೆಯ ಹಿಂದೆ ಕೆಟ್ಟ ಫ್ರಿಜ್ಜೊಂದು ಬಿದ್ದಿತ್ತು. ಅದರೊಳಗೆ ಕೋಳಿ ಮೊಟ್ಟೆಯಿಡುತ್ತಿತ್ತು. ಅಕ್ಕ ಅದನ್ನು ಕೇಳಿ ಗಾಡಿಯಲ್ಲಿ ತರಿಸಿದರು. ಬೂದಿ ಹಾಕಿ ತಿಕ್ಕಿದರು, ಬಾಗಿಲಿನ ಪುಡಿಯಾದ ರಬ್ಬರು ತೆಗೆದು, ಎಸ್ಟೇಟಿನ ಹೊಗೆಮನೆಯಲ್ಲಿ ಒಣಗಿಸಿದ ರಬ್ಬರ್ ಶೀಟನ್ನು ಪಟ್ಟಿ ಕತ್ತರಿಸಿ ಅಂಟಿಸಿದರು, ಹೊಸ ಬತ್ತಿ ಹಾಕಿ ಹಚ್ಚಿದರು. ತಂಪಾಗಲಿಲ್ಲ.

ಎಸ್ಟೇಟಿನ ಜೀಪು ಡ್ರೈವರ್ ಬಂದು ನೋಡಿದ. "ಒಂದು ದಿನ ತಲೆಕೆಳಗೆ ನಿಲ್ಲಿಸಿ ಅಕ್ಕ. ಬಂಗಲೆಯಲ್ಲಿ ಹಾಗೇ ಮಾಡುದು."

"ಮರ್ಲು ಉಂಟಾ ನಿಂಗೆ?" ಎಂದರು ಅತ್ತೆ.

"ಶೀರ್ಷಾಸನ ಮನುಷ್ಯರಿಗೇ ಒಳ್ಳೇದಂತೆ ಅಮ್ಮ, ಇದಕ್ಕೆಂತ?"

ಹಾಗೇ ಮಾಡಿದರು. ಆಮೇಲೆ ನೇರ ನಿಲ್ಲಿಸಿ, ಅದರ ತಲೆಯ ಮೇಲೆ ನೀರು ತುಂಬಿದ ಬಟ್ಟಲಿಟ್ಟು ಡ್ರೈವರ್ ಮಟ್ಟ ನೋಡಿದ. ಓರೆಯಾದರೆ ತಂಪು ನಿಲ್ಲುವುದಿಲ್ಲವಂತೆ. ಮರುದಿನ ಒಳಗಿಟ್ಟ ತಟ್ಟೆಯ ನೀರು ಗಟ್ಟಿಯಾಗಿತ್ತು. ಮಂಜುಗಡ್ಡೆಯನ್ನೇ ಕಾಣದ ಹುಡುಗಿ ಅದನ್ನು ಮುಟ್ಟಿ, "ಟೀಚರ್ರೆ, ಇದು ಸುಡ್ತದೆ," ಎಂದು ಕೈ ಕೊಡವಿದಳು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಆದರೆ ಶನಿವಾರ ಫ್ರಿಜ್ಜು ಬೆಚ್ಚಗಿತ್ತು. ಬತ್ತಿ ಸರಿಯಾಗಿಯೇ ಉರಿಯುತ್ತಿತ್ತು. ಮತ್ತೆ ಶೀರ್ಷಾಸನ, ಮತ್ತೆ ತಂಪು, ಮುಂದಿನ ಶನಿವಾರ ಮತ್ತೆ ಬೆಚ್ಚಗೆ. ಮೋಡ ಕಟ್ಟತೊಡಗಿತ್ತು. ಮದ್ದಿನ ಸೀಸೆಗಳು ಆಗಲೇ ಬಂದಿದ್ದವು. ಬಾವಿಕಟ್ಟೆಯ ಒದ್ದೆ ಮರಳಿನ ಮಡಕೆಯಲ್ಲಿ ಅವು ಎಷ್ಟು ದಿನ ತಾಳಿಯಾವು?

ನಾನು ಶಾಲೆಯ ವೇಳಾಪಟ್ಟಿಯವಳು, ವಾರ ಗಮನಿಸಿದ್ದೆ. "ಶುಕ್ರವಾರ ನೀವು ಎಂತ ಮಾಡುದು ಅಕ್ಕ?" ಎಂದು ಕೇಳಿದೆ.

"ಎಂತ ಮಾಡುದು? ನೆಲ ಸಾರಿಸುದು…" ಎಂದವರು ಅಲ್ಲೇ ನಿಂತರು. ಒಳಗೆ ಹೋಗಿ ಬಟ್ಟಲು ಇಟ್ಟು ನೋಡಿದರು. ನೀರು ಒಂದೇ ಅಂಚಿಗೆ ಹರಿದಿತ್ತು. ಪ್ರತಿ ಶುಕ್ರವಾರ ಅತ್ತೆ ಸೊಸೆ ಸೇರಿ ಫ್ರಿಜ್ಜನ್ನು ಆಚೆ ಎಳೆದು, ಅಡಿಯ ನೆಲಕ್ಕೂ ಸೆಗಣಿ ಸಾರಿಸಿ, ಹಸಿ ನೆಲದ ಮೇಲೆಯೇ ಮತ್ತೆ ನಿಲ್ಲಿಸುತ್ತಿದ್ದರು. ಒಂದು ಕಾಲು ಕುಸಿದು ಅದು ಓರೆಯಾಗುತ್ತಿತ್ತು.

"ನಾನೇ ಹಾಳು ಮಾಡುದು ಮಾರಾಯ್ರೆ," ಎಂದರು ಅಕ್ಕ. ಅಂದೇ ಅದರ ಕಾಲಡಿಗೆ ಕಲ್ಲು ಚಪ್ಪಡಿ ಹಾಕಿಸಿದರು. ಆ ಮೂಲೆಗೆ ಇನ್ನು ಸಾರಿಸುವುದಿಲ್ಲವೆಂದರು.

"ಸಾರಿಸದ ಮನೆಯಲ್ಲಿ ದೇವರು ನಿಲ್ತಾನಾ?" ಎಂದರು ಅತ್ತೆ.

"ದೇವರು ಆಚೆ ಕೋಣೆಯಲ್ಲಿ ಇರ್ಲಿ ಅತ್ತೆ. ಇಲ್ಲಿ ಇವಳ ಮದ್ದು ಉಂಟು."

ಅತ್ತೆ ಕೆಲವು ದಿನ ಆ ಮೂಲೆಯ ಹತ್ತಿರ ಸುಳಿಯಲಿಲ್ಲ. ಆ ಮಳೆಗಾಲದಲ್ಲಿ ಸೇತುವೆ ಎಷ್ಟೋ ಸಲ ಮುಳುಗಿತು. ಹುಡುಗಿ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಶುಕ್ರವಾರಗಳಲ್ಲಿ ಅತ್ತೆಯೇ ಬಟ್ಟಲು ಇಟ್ಟು ನೋಡುವುದನ್ನು ನಾನು ಕಂಡಿದ್ದೇನೆ.

ನನಗೆ ಪುತ್ತೂರಿಗೆ ವರ್ಗವಾಯಿತು. ಎಷ್ಟೋ ವರ್ಷಗಳ ಮೇಲೆ ಅಕ್ಕ ತೀರಿಹೋದ ಸುದ್ದಿ ತಿಳಿದು ನಾನು ಕೋಡಿಂಬಾಳಕ್ಕೆ ಹೋಗುವಾಗ ಎಲ್ಲ ಮುಗಿದಿತ್ತು. ಕರೆಂಟು ಬಂದು, ಆ ಫ್ರಿಜ್ಜು ಹೊರಗೆ ಹೋಗಿ ವರ್ಷಗಳಾಗಿದ್ದವು. ಆದರೂ ಅಡುಗೆಮನೆಯ ಮೂಲೆಯಲ್ಲಿ ಆ ಚಪ್ಪಡಿ ಹಾಗೇ ಇತ್ತು. ಸುತ್ತ ಸಾರಿಸಿದ ನೆಲ. "ಅಲ್ಲಿಗೆ ಕೈ ಹೋಗುದಿಲ್ಲ ಟೀಚರ್ರೆ," ಎಂದಳು ಮಗಳು. ಈಗ ಅವಳೂ ಇಲ್ಲ…

ತಮ್ಮನ ಮಗ ಬಾಗಿಲಿಗೆ ಹೊಸ ರಬ್ಬರು ಕೂರಿಸುತ್ತಿದ್ದ. ನಾನು ಒಳಗಿನಿಂದ ಬಟ್ಟಲಲ್ಲಿ ನೀರು ತಂದು ಫ್ರಿಜ್ಜಿನ ಮೇಲಿಟ್ಟೆ.

"ಇದೆಂತಕ್ಕೆ ಅತ್ತೆ?" ಎಂದ.

ನೀರು ಅಂಚಿನ ಸುತ್ತ ಸಮನಾಗಿ ನಿಂತಿತು. ಕರೆದು ತೋರಿಸೋಣವೆಂದರೆ ಅಕ್ಕನಿಲ್ಲ.