ಐದು ಬೀರುಗಳ ಅಕ್ಕ

ಸಸ್ಯಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ ಐದು ಬೀರುಗಳಿದ್ದವು. ಮೊದಲನೆಯದರಲ್ಲಿ ಗಾಜಿನ ಜಾಡಿಗಳೊಳಗೆ ತೇಲುವ ಪಾಚಿ, ಎರಡನೆಯದರಲ್ಲಿ ಹಾವಸೆ, ಮೂರನೆಯದರಲ್ಲಿ ಜರೀಗಿಡ, ನಾಲ್ಕನೆಯದರಲ್ಲಿ ಪೈನಿನಂಥ ಬರಿಬೀಜದ ಮರಗಳು, ಕೊನೆಯದರಲ್ಲಿ ಹೂ ಬಿಡುವವು. ಬೀಗದ ಕೈಗಳು ಅಕ್ಕನ ಸೊಂಟದಲ್ಲಿ. ಕಾಲೇಜಿನಲ್ಲಿ ಎಲ್ಲರಿಗೂ ಅವಳು ಅಕ್ಕ, ಪಾಠ ಹೇಳುವ ಮೇಷ್ಟ್ರಿಗೂ.

ಕಸ ಗುಡಿಸಲು ಸೇರಿದವಳು, ಒತ್ತಿ ಒಣಗಿಸಿದ ಗಿಡವನ್ನು ರಟ್ಟಿಗೆ ಹೊಲಿಯುವುದನ್ನು ನೋಡಿ ನೋಡಿಯೇ ಕಲಿತಳು. ಮೇಷ್ಟ್ರು ಅವಳಿಗೆ ನಾಲ್ಕು ಪ್ರಶ್ನೆ ಹೇಳಿಕೊಟ್ಟಿದ್ದರು. ಕಾಂಡ, ಎಲೆ ಬೇರೆಬೇರೆ ಕಾಣುತ್ತವೆಯೆ? ನೀರೇರಿಸುವ ನಾಳ ಇದೆಯೆ? ಬೀಜ ಇದೆಯೆ? ಬೀಜಕ್ಕೆ ಹೊದಿಕೆ ಇದೆಯೆ? ಏಳನೇ ತರಗತಿ ಓದಿದ ಅಕ್ಕ ಇಷ್ಟರಿಂದಲೇ ಯಾವ ಗಿಡವನ್ನೂ ಅದರ ಬೀರುವಿಗೆ ಸೇರಿಸುತ್ತಿದ್ದಳು.

ಗಂಡ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವನು. ಮರದ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ. ಒಂದು ಭಾನುವಾರ ಗೆಳೆಯರ ಮುಂದೆ ಗಾಳಿಮರದ ಟೊಂಗೆ ಎತ್ತಿ ಹಿಡಿದ.

"ಇದು ಪೈನಿನ ತಮ್ಮ ಕಣ್ರೋ. ಸೂಜಿ ನೋಡಿ, ಕಾಯಿ ನೋಡಿ."

ಟೀ ತಂದ ಅಕ್ಕ, ಕಾಲೇಜಿನ ಹುಡುಗಿಯರಿಗೆ ಹೇಳುವ ಹಾಗೆಯೇ ಹೇಳಿಬಿಟ್ಟಳು. "ಅಲ್ಲ ರೀ, ಇದು ಹೂ ಬಿಡೋ ಗುಂಪು. ನೋಡೋಕೆ ಮೋಸ ಮಾಡತ್ತೆ." ಒಂದು ಸೂಜಿಯನ್ನು ಗೆಣ್ಣಿನಲ್ಲಿ ಚಟ್ಟನೆ ಬಿಡಿಸಿದಳು. "ಇದು ಎಲೆ ಅಲ್ಲ, ಕಡ್ಡಿ. ಗೆಣ್ಣಿನ ಸುತ್ತ ಹಲ್ಲಿನ ಥರ ಇದೆಯಲ್ಲ, ಅದು ಎಲೆ."

"ಮನೇಲೇ ಪ್ರೊಫೆಸರ್ ಇಟ್ಕೊಂಡಿದೀಯಲ್ಲೋ!" ಎಂದ ಒಬ್ಬ. ಎಲ್ಲರೂ ನಕ್ಕರು. ಗಂಡನೂ ನಕ್ಕ. ಅವರು ಹೋದ ಮೇಲೆ ಬಾಗಿಲು ಹಾಕಿ, ಅವಳ ಮುಖವನ್ನು ಚೌಕಟ್ಟಿಗೆ ಬಡಿದ. ಎರಡು ಹಲ್ಲು ನೆಲಕ್ಕೆ ಬಿದ್ದವು.

ಅಂದಿನಿಂದ ಅವನದು ಒಂದೇ ಮಾತು: ಕೆಲಸ ಬಿಡು. ಒಮ್ಮೆ ಬೆಲ್ಟು, ಒಮ್ಮೆ ಕುದಿಯುವ ಟೀ. ಕತ್ತಿನ ಕೆಳಗಿನ ಮೂಳೆ ಮುರಿದಾಗ ಅಕ್ಕ ಪಟ್ಟಿ ಕಟ್ಟಿಕೊಂಡೇ ಬಂದು ಒಂದು ಕೈಯಲ್ಲಿ ಹೊಲಿದಳು. ರಜೆ ಹಾಕು ಎಂದ ಮೇಷ್ಟ್ರಿಗೆ, "ಇದನ್ನ ಬಿಟ್ರೆ ನನಗೆ ಉಳಿಯೋದು ಅವರೊಬ್ಬರೇ ಮೇಷ್ಟ್ರೇ" ಎಂದಳು.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಗಂಡ ಹಾರೆ ಹಿಡಿದು ಬೀರುಗಳ ಕೋಣೆಗೆ ಬಂದ. ಮೊದಲ ಬೀರು ಒಂದೇ ಏಟಿಗೆ ಒಡೆಯಿತು. ಜಾಡಿಗಳು ಸಿಡಿದು, ಪಾಚಿ ಕೆಡದಂತೆ ತುಂಬಿದ್ದ ಫಾರ್ಮಲಿನ್ ಕಣ್ಣು ಸುಟ್ಟಿತು. ಹಾವಸೆ, ಜರೀಗಿಡ, ಬರಿಬೀಜದವು, ಒಂದೊಂದೇ ಬೀರು ಕೆಡವುತ್ತ ನಡೆದ. ಐದನೆಯದಕ್ಕೆ ಬೆನ್ನು ಕೊಟ್ಟು ಅಕ್ಕ ನಿಂತಿದ್ದಳು. ಅವಳನ್ನು ತಳ್ಳಿ, ಬಾಗಿಲು ಮುರಿದು, ಒಳಗೆ ತಡಕಾಡಿ ಗಾಳಿಮರದ ಟೊಂಗೆ ಹೊಲಿದ ರಟ್ಟನ್ನು ಎಳೆದ. ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಅದನ್ನು ಅವಳ ಮುಖಕ್ಕೆ ಹಿಡಿದ.

"ಪೈನ್ ಅಂತ ಹೇಳೇ. ಒಂದು ಸಲ ಅನ್ನೇ, ಹೋಗ್ತೀನಿ."

ಹನ್ನೊಂದು ವರ್ಷ ಅವನು ಹೇಳಿದ್ದಕ್ಕೆಲ್ಲ ಹೂಂ ಎಂದಿದ್ದಳು. ತವರಿಗೆ ಹೋಗಬೇಡ ಎಂದಾಗ ಹೂಂ. ಬೀದಿಯಲ್ಲಿ ನಗಬೇಡ ಎಂದಾಗ ಹೂಂ.

"ಅಲ್ಲ" ಎಂದಳು, ಕಡ್ಡಿ ತುಂಡು ಮಾಡಿದಂತೆ.

ಅವನು ಅವಳ ಬಲಗೈಯನ್ನು ಮೇಜಿಗೆ ಒತ್ತಿ ಹಾರೆ ಇಳಿಸಿದ. ಮೂರು ಬೆರಳು ಜಜ್ಜಿಹೋದವು.

"ಈಗ?"

"ಅದು... ಹೂ ಬಿಡತ್ತೆ."

ಹಾರೆ ಮತ್ತೆ ಮೇಲೇರುವಷ್ಟರಲ್ಲಿ ಕಾವಲುಗಾರನೂ ನಾಲ್ವರು ವಿದ್ಯಾರ್ಥಿಗಳೂ ಅವನ ಮೇಲೆ ಬಿದ್ದರು. ಹಾರೆಯ ಏಟಿಗೆ ಕಾವಲುಗಾರನ ಮೊಣಕಾಲು ಮುರಿದ ಮೇಲೆಯೇ ಅವನು ಕೈಗೆ ಸಿಕ್ಕಿದ್ದು. ಗಿಡ ಒತ್ತುವ ಹಲಗೆಗಳ ಪಟ್ಟಿಗಳಿಂದ ಅವನನ್ನು ಕಟ್ಟಿಹಾಕಿ ಪೊಲೀಸರಿಗೆ ಒಪ್ಪಿಸಿದರು.

ಆಸ್ಪತ್ರೆಯಿಂದ ಅಕ್ಕ ನೇರ ಠಾಣೆಗೆ ಹೋದಳು. ಜೊತೆಗೆ ಮೇಷ್ಟ್ರು.

"ಜಗಳ ಯಾತಕ್ಕೆ ಬಂತಮ್ಮಾ?" ದೂರು ಬರೆದುಕೊಳ್ಳುವ ರೈಟರ್ ಕೇಳಿದ.

"ಗಾಳಿಮರ ಯಾವ ಗುಂಪು ಅಂತ."

ಪೆನ್ನು ನಿಂತಿತು. "ಮರಕ್ಕೆ ಯಾರಾದ್ರೂ ಹೊಡೆದಾಡ್ತಾರಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಸಂಸಾರದ ಜಗಳ ಅಂತ ಬರೀತೀನಿ, ಹೊಂದ್ಕೊಂಡು ಹೋಗಿ."

"ಹಾಗೆ ಬರೆದ್ರೆ ಸಂಜೆಗೇ ಬಿಟ್ಟುಬಿಡ್ತೀರಿ." ಬ್ಯಾಂಡೇಜಿನ ತುದಿಯಲ್ಲಿ ರಕ್ತ ಜಿನುಗುತ್ತಿತ್ತು. "ನಾನು ಸರಿಯಾಗಿ ಹೇಳಿದ್ದಕ್ಕೆ ಕೈ ಮುರಿದ್ರು. ಅದನ್ನೇ ಬರೀರಿ. ಬರೆಯೋವರೆಗೂ ನಾನು ಏಳಲ್ಲ."

ರೈಟರ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಅಕ್ಕನ ಕಡೆ ಕೈ ತೋರಿಸಿದರು. ಕೊನೆಗೆ ಹೊಸ ಹಾಳೆ ಎಳೆದುಕೊಂಡು, ತಲೆ ತಗ್ಗಿಸಿ ಕೇಳಿದ: "ಯಾವ ಗುಂಪು ಅಂದ್ರಿ?"

ಅಕ್ಕ ಹೇಳಿದಳು. ಅವನು ಬರೆದ.

"ಓದಿ ಹೇಳಿ" ಎಂದಳು.