ಹಾಂ ಅಂದರೆ ಹೌದಲ್ಲ

ತೊಂಬತ್ತರ ದಶಕದಲ್ಲಿ ನಾವಿದ್ದದ್ದು ಸೌದಿಯ ದಕ್ಷಿಣದ ಒಂದು ಗುಡ್ಡದೂರಿನಲ್ಲಿ. ಅಲ್ಲಿನ ನ್ಯಾಯಾಲಯಕ್ಕೆ ಬಿಳಿಯ ಎಂಜಿನಿಯರ್ ಬಂದರೆ ಒಳಗೆ ಕೂರಿಸಿ ಚಹಾ ಕೊಡುತ್ತಿದ್ದರು. ನಾವು ಭಾರತದವರು, ಬಾಂಗ್ಲಾದವರು, ಸೂಡಾನಿನವರು ಹೊರಗೆ ಗೋಡೆಗೊರಗಿ ನಿಲ್ಲಬೇಕು. ಹೆಸರು ಕೇಳುವವರಿಲ್ಲ, ಎಲ್ಲರೂ ‘ರಫೀಕ್’, ಅಂದರೆ ಗೆಳೆಯ.

ಒಂದು ವರ್ಷ ಹೊಸ ಮುಖ್ಯ ನ್ಯಾಯಾಧೀಶರು ಬಂದರು. ನರೆತ ಗಡ್ಡದ, ಮೆಲುದನಿಯ ಮನುಷ್ಯ. ಎಲ್ಲರಿಗೂ ಒಂದೇ ಸಾಲು, ಎಲ್ಲರಿಗೂ ಕುರ್ಚಿ, ಪ್ರತಿಯೊಬ್ಬನ ಹೇಳಿಕೆಯೂ ಅವನ ಮನೆಮಾತಿನಲ್ಲೇ ಆಗಬೇಕು ಎಂದು ಅಪ್ಪಣೆ ಮಾಡಿದರು. ಹಾಗಾಗಿಯೇ ಆಸ್ಪತ್ರೆಯ ಸ್ಟೋರಿನಲ್ಲಿದ್ದ ನನಗೆ ದುಭಾಷಿಯಾಗಲು ಕರೆ ಬಂತು. ನನಗೆ ತುಳುವೂ ಗೊತ್ತು, ಕೆಲಸ ನಡೆಯುವಷ್ಟು ಅರಬಿಯೂ ಗೊತ್ತು.

ಜೈಲಿನಲ್ಲಿದ್ದವನು ನಮ್ಮ ಆಸ್ಪತ್ರೆಯ ವ್ಯಾನಿನ ಡ್ರೈವರ್, ಮಂಗಳೂರು ಕಡೆಯವನು. ಅವನ ಹೆಂಡತಿ ನಮ್ಮಲ್ಲೇ ನರ್ಸು. ಸಿಗ್ನಲ್ಲಿನಲ್ಲಿ ಅವನ ವ್ಯಾನು ಒಂದು ಕಾರಿಗೆ ಗುದ್ದಿ, ಕಾರಿನಲ್ಲಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದರು. ಕೆಂಪು ದೀಪ ಕಂಡೂ ನುಗ್ಗಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ ಎಂದು ಉರ್ದು ದುಭಾಷಿ ಪಠಾಣನೊಬ್ಬನ ಮೂಲಕ ಪೊಲೀಸರು ಬರೆಸಿಕೊಂಡ ಹೇಳಿಕೆಯಲ್ಲಿತ್ತು. ಅದೇ ಉಳಿದರೆ ಅವನಿಗೆ ವರ್ಷಗಟ್ಟಲೆ ಸೆರೆ.

ಗುಮಾಸ್ತ ನನ್ನನ್ನು ನೋಡಿ ಗೊಣಗಿದ: “ನಿನ್ನೆ ಮಲಯಾಳಿ, ಇವತ್ತು ಇನ್ನೊಂದು. ನಿಮ್ಮಲ್ಲಿ ಮನೆಗೊಂದು ಭಾಷೆಯಾ?”

“ಕೆಲವು ಮನೆಗಳಲ್ಲಿ ಎರಡೆರಡು ಉಂಟು,” ಎಂದೆ.

ನ್ಯಾಯಾಧೀಶರು ನಕ್ಕರು. ಗುಮಾಸ್ತ ನಗಲಿಲ್ಲ.

ಡ್ರೈವರನನ್ನು ಕುರ್ಚಿಯಲ್ಲಿ ಕೂರಿಸಿದರು. ಅವನು ತುದಿಯಲ್ಲಷ್ಟೇ ಕೂತ. ಒಪ್ಪಿಕೊಂಡದ್ದು ಹೌದಾ ಎಂದು ತುಳುವಿನಲ್ಲಿ ಕೇಳಿದೆ.

“ಎಂತದ್ದು ಒಪ್ಪಿಕೊಳ್ಳುವುದು ಅಣ್ಣ? ಆ ಪಠಾಣ ಉರ್ದುವಿನಲ್ಲಿ ಉದ್ದಕ್ಕೆ ಏನೋ ಹೇಳ್ತಾ ಹೋದ. ಮಾತಾಡುವವರ ಎದುರು ಮೂಗನ ಹಾಗೆ ಕೂರ್ಲಿಕ್ಕೆ ಆಗ್ತದಾ? ಹಾಂ, ಹಾಂ ಅಂದೆ. ದೀಪ ಹಸಿರಿತ್ತು, ದೇವರಾಣೆ.”

ನನಗೆ ತಟ್ಟನೆ ಹೊಳೆಯಿತು. ನಮ್ಮ ಕಡೆ ಯಾರಾದರೂ ಮಾತಾಡುತ್ತಿದ್ದರೆ ನಡುನಡುವೆ ಹಾಂ ಅನ್ನುವುದು ಮರ್ಯಾದೆ. ಕೇಳುತ್ತಿದ್ದೇನೆ, ಮುಂದೆ ಹೇಳಿ ಎಂದಷ್ಟೇ. ಉರ್ದುವಿನವನ ಕಿವಿಗೆ ಅದು ಹೌದು. ಇದನ್ನು ನನ್ನ ಹರಕು ಅರಬಿಯಲ್ಲಿ ಹೇಳುವಷ್ಟರಲ್ಲಿ ಬೆವರಿದೆ.

ನ್ಯಾಯಾಧೀಶರು ಗುಮಾಸ್ತನ ಕಡೆ ತಿರುಗಿದರು. “ನಿನ್ನ ತಾಯಿಯನ್ನು ಕೂಗಿದರೆ ‘ನಅಮ್’ ಅನ್ನುತ್ತಾಳಲ್ಲ, ಆಗ ಏನನ್ನು ಒಪ್ಪಿಕೊಂಡ ಹಾಗಾಯಿತು?” ಅರಬಿಯಲ್ಲಿ ಹೌದು ಎನ್ನುವುದಕ್ಕೂ ಅದೇ ಮಾತು. ಗುಮಾಸ್ತ ತಲೆ ತಗ್ಗಿಸಿದ. ಮುಂದಿನ ವಾರ ಹೊಸ ಹೇಳಿಕೆ ಬರೆಸುವುದೆಂದಾಯಿತು.

ಆ ವಾರ ಡ್ರೈವರನ ಹೆಂಡತಿ ವಾರ್ಡಿನಲ್ಲಿ ಮೊದಲ ಸಲ ಜೋರಾಗಿ ನಕ್ಕಳು ಎಂದು ಅಲ್ಲೇ ಕೆಲಸಕ್ಕಿದ್ದ ನನ್ನ ಮನೆಯವಳು ಹೇಳಿದಳು.

ಮುಂದಿನ ವಾರ ಡ್ರೈವರನ ಹೆಂಡತಿಯನ್ನೂ ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಬಾಗಿಲಲ್ಲಿ ಪೊಲೀಸು ತಡೆದ. ಆ ನ್ಯಾಯಾಧೀಶರಿಗೆ ವರ್ಗವಾಗಿತ್ತು. ಯಾಕೆಂದು ಯಾರೂ ಹೇಳಲಿಲ್ಲ. “ಈಗಿನವರಿಗೆ ನೀನು ಬೇಡ, ಉರ್ದುವಿನವನೇ ಸಾಕು,” ಎಂದ. ಬೇಡಿಕೊಂಡೆ, ಒಳಗೆ ಚೀಟಿ ಕಳಿಸಿದೆ. “ಯಲ್ಲಾ, ರಫೀಕ್, ನಡಿ,” ಎಂದು ಭುಜ ಹಿಡಿದು ಮೆಟ್ಟಿಲು ಇಳಿಸಿದ.

ಮಧ್ಯಾಹ್ನದ ಹೊತ್ತಿಗೆ ಪಠಾಣ ಹೊರಗೆ ಬಂದ. ಹಳೆಯ ಹೇಳಿಕೆಯನ್ನೇ ಓದಿ ಮುಗಿಸಿಬಿಟ್ಟರು, ಮೂರು ವರ್ಷ ಎಂದ. ಅವನಿಗೂ ಬೇಸರವಿತ್ತು, ನಮ್ಮ ಮುಖ ನೋಡದೆ ನಡೆದುಬಿಟ್ಟ.

ಅವಳು ಕೇಳಿದಳು, “ಅವರಿಗೆ ಮಾತಾಡ್ಲಿಕ್ಕಾದರೂ ಬಿಟ್ಟರಾ ಅಣ್ಣ?”

“ಇಲ್ಲಮ್ಮ.”

ಗಂಡನಿಗೆಂದು ತಂದಿದ್ದ ನೀರುದೋಸೆಯ ಡಬ್ಬಿ ಅವಳ ಕೈಯಲ್ಲೇ ಇತ್ತು. “ಬೆಳಿಗ್ಗೆಯಿಂದ ಎಂತದ್ದೂ ತಿಂದಿಲ್ಲ ನೀವು. ತಿನ್ನಿ,” ಎಂದು ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಬೇಡ ಅನ್ನಲಾಗಲಿಲ್ಲ. ಕಾರಿನ ಪಕ್ಕ ಬಿಸಿಲಲ್ಲಿ ನಿಂತು ತಿಂದೆ. ಅವಳು ಮುಚ್ಚಳ ಹಿಡಿದುಕೊಂಡು ನೋಡುತ್ತಿದ್ದಳು.

“ಚಟ್ನಿಗೆ ಉಪ್ಪು ಸರಿ ಉಂಟಾ ಅಣ್ಣ?”

“ಸರಿ ಉಂಟು,” ಎಂದೆ.