ಹೊಂಡದವ್ವನಿಗೆ ಕಣ್ಣಿಟ್ಟದ್ದು

ಆರ್ಲಿಸ್ ಟಾಲೆಫ್ಸನ್ ಬರೆದ ಚಿತ್ರಗಳಲ್ಲಿ ಜನ ನೆನಪಿಟ್ಟುಕೊಂಡದ್ದು ಒಂದನ್ನೇ: ಹೊಂಡದವ್ವನೆಂಬ ಭೂತ. ವಿಸ್ಕಾನ್ಸಿನ್ನಿನ ಕೆರೆದಂಡೆಯ ಊರೊಂದರಲ್ಲಿ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಕತ್ತಿ ಮಂತ್ರಗಳ ಕಥೆಯಾಟಕ್ಕೆ ಪುಸ್ತಕ ಮಾಡುವ ಸಣ್ಣ ಕಂಪನಿಯಲ್ಲಿ ಅವಳಿಗೆ ಕೆಲಸ. ಆ ಭೂತವನ್ನು ಬರೆಯಲು ಹೇಳಿದ ದಿನ ಅವಳು ನೇರ ದಂಡೆಗೆ ಹೋಗಿ, ಸತ್ತು ಉಬ್ಬಿದ ಮೀನುಗಳ ಪಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಧ್ಯಾಹ್ನವಿಡೀ ಕುಳಿತಳು. ಜಾರಿದ ಚರ್ಮ, ಬಾಯೊಳಗೆ ಮಿಜಿಗುಟ್ಟುವ ಹುಳು, ಲೋಳೆಗೆ ಅಂಟಿಕೊಂಡು ರೆಕ್ಕೆ ಬಡಿಯುವ ನೊಣ, ಯಾವುದನ್ನೂ ಬಿಡಲಿಲ್ಲ. ಹೊಂಡದವ್ವನಿಗೆ ಕಣ್ಣಿರಲಿಲ್ಲ. ಬಾಯಿ ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ.

ಪುಟ ಜೋಡಿಸುವ ಲವರ್ನ್ ಹಾಳೆಯನ್ನು ಮಗುಚಿಟ್ಟು, "ಇದನ್ನ ನೋಡ್ತಾ ಚೀಸು ಗಂಟಲಲ್ಲಿ ಇಳಿಯಲ್ಲ ಕಣೇ," ಅಂದಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳಿಗೆ ಸಿಕ್ಕಿರಲಿಲ್ಲ.

ಕೆಲವು ವರ್ಷಗಳ ಮೇಲೆ ಪುಸ್ತಕದ ಹೊಸ ಆವೃತ್ತಿ ಬರುವುದಿತ್ತು. ಚಿತ್ರವಿಭಾಗದ ಯಜಮಾನ ಡ್ವೇನ್ ಅವಳನ್ನು ಕರೆಸಿದ.

"ತಾಯಂದಿರು ಹೇಸ್ತಾರೆ, ಆರ್ಲಿಸ್. ರಬ್ಬರ್ ಗೊಂಬೆ ಬೇರೆ ಮಾಡಿಸ್ತಿದೀವಿ. ಸ್ವಲ್ಪ ಚೊಕ್ಕ ಮಾಡಿ ಹೊಸದಾಗಿ ಬರಿ."

"ಅದು ಬದುಕೋದೇ ಕೊಚ್ಚೇಲಿ, ಮಾರಾಯ."

"ಒಂದು ಜೊತೆ ಕಣ್ಣಿಡು. ನಿನ್ನ ಗಂಟೇನು ಹೋಗುತ್ತೆ?"

ಕೆಲಸ ಉಳಿಯಬೇಕಿತ್ತು. ಕಣ್ಣಿಟ್ಟಳು, ರೆಪ್ಪೆಯನ್ನೂ ಇಟ್ಟಳು. ಲೋಳೆ ಗುಲಾಬಿಯಾಯಿತು. ಆದರೂ ಒಳಗೆ ಹಳೆಯ ಅವ್ವ ಉಳಿದಿದ್ದಾಳೇನೋ ಎಂಬ ಆಸೆ ಅವಳಿಗೆ.

ಆ ಶನಿವಾರ ಚಿತ್ರದ ಪ್ರತಿಯೊಂದನ್ನು ಆಟಿಕೆ ಅಂಗಡಿಯ ಹಿಂಕೋಣೆಗೆ ಒಯ್ದಳು. ಅಲ್ಲಿ ಕಥೆ ನಡೆಸುವವನು ವರ್ಲಿನ್. ಕಥೆಯಲ್ಲಿ ಭೂತ ಎದುರಾದಾಗ ಪುಟದ ವಿವರಣೆಯನ್ನು ಅಂಗೈಯಿಂದ ಮುಚ್ಚಿ ಚಿತ್ರ ಮಾತ್ರ ತೋರಿಸುವುದು ಅವರ ಪದ್ಧತಿ. ಹೆಸರು, ಬಲ ಒಂದೂ ಗೊತ್ತಿಲ್ಲದೆ, ಕಣ್ಣಿಗೆ ಬಿದ್ದುದಕ್ಕೆ ಆಟಗಾರರು ಉತ್ತರ ಕೊಡಬೇಕು. ಹಿಂದೆ ಹಳೆಯ ಚಿತ್ರ ಕಂಡಾಗ, ಗಾರಿಯೆಂಬ ದಪ್ಪ ಕೊಳಾಯಿ ರಿಪೇರಿಯವನು ಕುರ್ಚಿ ಹಿಂದಕ್ಕೆ ಸರಿಸಿ, "ನಾವು ಬಂದ ದಾರಿ ಯಾವ ಕಡೆ?" ಎಂದಷ್ಟೇ ಕೇಳಿದ್ದ.

ವರ್ಲಿನ್ ಹೊಸದನ್ನು ಎತ್ತಿ ಹಿಡಿದ. "ಹೊಂಡದಿಂದ ಎದ್ದದ್ದು ಇದು."

"ಅಯ್ಯೋ ಪಾಪ, ನೆನೆದುಬಿಟ್ಟಿದೆ," ಅಂದ ಗಾರಿ. "ನನ್ನ ಚೀಲದಲ್ಲಿ ಒಣಮಾಂಸ ಇದೆಯಲ್ಲ, ತಿನ್ನಿಸ್ತೀನಿ. ಸಾಕ್ಕೊಳ್ಳೋಣ ಕಣ್ರೋ."

ಮೇಜಿನ ಸುತ್ತ ನಗು. ಹೊಡೆದಾಟಕ್ಕೆಂದು ಒಬ್ಬರೂ ದಾಳಕ್ಕೆ ಕೈ ಹಾಕಲಿಲ್ಲ.

ಆರ್ಲಿಸ್ ಚಿತ್ರವನ್ನು ವಾಪಸು ತೆಗೆದುಕೊಂಡು ನೋಡಿದಳು. ಕೊಳೆತ ಮೀನುಗಳಾದರೂ ತಾವು ಏನೆಂಬುದನ್ನು ಮುಚ್ಚಿಡುತ್ತಿರಲಿಲ್ಲ. ಇದು ಸಕ್ಕರೆ ಸವರಿದ ಹೆಣ. ಸವರಿದ ಕೈ ತನ್ನದೇ. ಬೆರಳುಗಳನ್ನು ಲಂಗಕ್ಕೆ ಒರೆಸಿ ಒರೆಸಿಕೊಂಡಳು.

ಸೋಮವಾರ ಡ್ವೇನನಿಗೆ, "ಹಳೇದನ್ನೇ ಹಾಕು," ಅಂದಳು.

"ಆಗಲ್ಲ. ಗೊಂಬೆ ಇದರದ್ದೇ. ಸಂಜೆ ಚಿತ್ರ ಅಚ್ಚಿಗೆ ಹೋಗುತ್ತೆ."

ಆರ್ಲಿಸ್ ಲವರ್ನನ ಮೇಜಿನಿಂದ ಬ್ಲೇಡು ತಂದು, ಡ್ವೇನನ ಮುಂದಿದ್ದ ಮೂಲಚಿತ್ರದ ಮೂಲೆಯಿಂದ ತನ್ನ ರುಜುವನ್ನು ಕೆರೆಯತೊಡಗಿದಳು.

"ಏನೇ ಮಾಡ್ತಿದೀಯ?"

"ಜಾಗ ಮಾಡ್ತಿದೀನಿ. ಕಣ್ಣು ಬೇಕಂದೋನು ನೀನು. ನಿನ್ನ ಹೆಸರು ಬರ್ಕೋ."

ಡ್ವೇನ್ ಪೆನ್ನಿನ ಮುಚ್ಚಳ ತೆಗೆದ. ರೆಪ್ಪೆ ಬಡಿಯುವಂತಿದ್ದ ಆ ಗುಲಾಬಿ ಮುಖವನ್ನು ಒಂದಷ್ಟು ಹೊತ್ತು ನೋಡಿದ. ಮುಚ್ಚಳ ಹಾಕಿ ಪೆನ್ನನ್ನು ಜೇಬಿಗಿಟ್ಟುಕೊಂಡ.